ಗಡುವಿನ ಭರವಸೆ

1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳನ ನೆಲದ ಮೇಲೆ ಇಳಿಯಿತು. ಚಿತ್ರಗಳನ್ನು ಕಳಿಸಿತು, ಸೋಜರ್ನರ್ ಎಂಬ ಪುಟ್ಟ ಬಂಡಿಯನ್ನು ಕೆಳಗಿಳಿಸಿತು. ಆದರೆ ಹವಾಮಾನದ ಮಾಹಿತಿ ಸಂಗ್ರಹಿಸಲು ತೊಡಗಿದ ಮೇಲೆ ಅದರ ಕಂಪ್ಯೂಟರ್ ಆಗಾಗ ತಾನಾಗಿಯೇ ರೀಸೆಟ್ ಆಗತೊಡಗಿತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ಲೆಕ್ಕ ತಪ್ಪಿರಲಿಲ್ಲ. ಒಂದು ಕೆಲಸ ಹೊತ್ತಿಗೆ ಮುಗಿಯುತ್ತಿರಲಿಲ್ಲ, ಅಷ್ಟೆ.

ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಸಿಗಬೇಕು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನಲ್. ವಿಡಿಯೊ ನೋಡುವಾಗ ಒಂದು ಫ್ರೇಮ್ ತಡವಾದರೆ ಚಿತ್ರ ತುಸು ತಡವರಿಸುತ್ತದೆ, ನಾವು ಸಹಿಸಿಕೊಳ್ಳುತ್ತೇವೆ. ಇದು ಸಾಫ್ಟ್ ರಿಯಲ್‌ಟೈಮ್. ಕಾರಿನ ಏರ್‌ಬ್ಯಾಗ್ ತಡವಾದರೆ ಸಹಿಸಿಕೊಳ್ಳಲು ಯಾರೂ ಉಳಿಯದೇ ಹೋಗಬಹುದು. ಇದು ಹಾರ್ಡ್ ರಿಯಲ್‌ಟೈಮ್. ಇಲ್ಲಿ ತಡವಾಗಿ ಬಂದ ಸರಿಯುತ್ತರವೂ ತಪ್ಪುತ್ತರವೇ. ಎರಡರ ನಡುವಿನ ವ್ಯತ್ಯಾಸ ವೇಗದ್ದಲ್ಲ. ಮೊದಲನೆಯದು ಸರಾಸರಿಯ ಮಾತು, ಎರಡನೆಯದು ಅತಿ ಕೆಟ್ಟ ಗಳಿಗೆಯ ಮಾತು.

ಅತಿ ಕೆಟ್ಟ ಗಳಿಗೆಯ ಬಗ್ಗೆ ಮುಂಚಿತವಾಗಿ ಭರವಸೆ ಕೊಡುವುದು ಹೇಗೆ? 1973ರಲ್ಲಿ ಸಿ. ಎಲ್. ಲಿಯು ಮತ್ತು ಜೇಮ್ಸ್ ಲೇಲ್ಯಾಂಡ್ ಇದಕ್ಕೊಂದು ಗಣಿತದ ಉತ್ತರ ಕೊಟ್ಟರು. ಪದೇ ಪದೇ ಬರುವ ಕೆಲಸಗಳಲ್ಲಿ ಹೆಚ್ಚು ಬೇಗ ಮರಳಿ ಬರುವುದಕ್ಕೆ ಹೆಚ್ಚಿನ ಆದ್ಯತೆ ಕೊಡಿ. ಪ್ರೊಸೆಸರ್ ಮೇಲಿನ ಒಟ್ಟು ಹೊರೆ ಸುಮಾರು ಶೇ. 69 ಮೀರದಿದ್ದರೆ, ಕೆಲಸಗಳು ಎಷ್ಟೇ ಇರಲಿ, ಯಾವುದೂ ಗಡುವು ತಪ್ಪುವುದಿಲ್ಲ. ಆದರೆ ಈ ಪ್ರಮೇಯಕ್ಕೆ ಒಂದು ಷರತ್ತಿತ್ತು: ಒಂದು ಕೆಲಸ ಇನ್ನೊಂದಕ್ಕಾಗಿ ಕಾಯುವಂತಿರಬಾರದು.

ಪಾಥ್‌ಫೈಂಡರಿನಲ್ಲಿ ಮುರಿದದ್ದು ಇದೇ ಷರತ್ತು. ಹವಾಮಾನದ ಕೆಲಸಕ್ಕೆ ಕಡಿಮೆ ಆದ್ಯತೆ, ಉಪಕರಣಗಳ ಮಾಹಿತಿಯನ್ನು ಹಂಚುವ ಕೆಲಸಕ್ಕೆ ಹೆಚ್ಚಿನ ಆದ್ಯತೆ. ಇಬ್ಬರಿಗೂ ಬೇಕಾದ ಬೀಗ ಒಂದೇ. ಕಿರಿಯ ಬೀಗ ಹಿಡಿದಿರುವಾಗ ಹಿರಿಯ ಕಾಯಬೇಕು. ಅದು ಕ್ಷಣದ ಮಾತು. ಆದರೆ ಅಷ್ಟರಲ್ಲಿ ಮಧ್ಯಮ ಆದ್ಯತೆಯ ಬೇರೊಂದು ಕೆಲಸ ನುಗ್ಗಿ ಕಿರಿಯನನ್ನು ಬದಿಗೆ ಸರಿಸುತ್ತಿತ್ತು. ಕಿರಿಯ ಬೀಗ ಬಿಡಲಾರ, ಹಿರಿಯ ಮುಂದೆ ಹೋಗಲಾರ. ಸೆಕೆಂಡಿನ ಎಂಟನೇ ಒಂದು ಭಾಗಕ್ಕೊಮ್ಮೆ ತಪಾಸಣೆ ಮಾಡುತ್ತಿದ್ದ ಕಾವಲಿನ ಕೆಲಸ ಇದನ್ನು ಕಂಡು ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು.

ಈ ತೊಡಕು ಹೊಸದೇನೂ ಆಗಿರಲಿಲ್ಲ. ಬಟ್ಲರ್ ಲ್ಯಾಂಪ್ಸನ್ ಮತ್ತು ಡೇವಿಡ್ ರೆಡೆಲ್ 1980ರಲ್ಲೇ ಇದರ ಬಗ್ಗೆ ಬರೆದಿದ್ದರು. 1990ರಲ್ಲಿ ಲುಯಿ ಶಾ, ರಾಜ್‌ಕುಮಾರ್ ಮತ್ತು ಲೆಹೋಸ್ಕಿ ಪರಿಹಾರವನ್ನು ಗಣಿತದ ನೆಲೆಯಲ್ಲಿ ವಿವರಿಸಿದ್ದರು: ಬೀಗ ಹಿಡಿದಷ್ಟು ಹೊತ್ತು ಕಿರಿಯನಿಗೆ ಹಿರಿಯನ ಆದ್ಯತೆಯನ್ನೇ ಎರವಲು ಕೊಡಿ. ನೌಕೆಯಲ್ಲಿದ್ದ ವಿಎಕ್ಸ್‌ವರ್ಕ್ಸ್ ಕರ್ನಲ್ಲಿನಲ್ಲಿ ಈ ಸೌಲಭ್ಯವೂ ಇತ್ತು. ಆದರೆ ಆ ಬೀಗದ ಮಟ್ಟಿಗೆ ಅದನ್ನು ಚಾಲೂ ಮಾಡಿರಲಿಲ್ಲ. ನೌಕೆ ಇಳಿಯುವ ಮೊದಲಿನ ಪರೀಕ್ಷೆಗಳಲ್ಲೂ ಈ ರೀಸೆಟ್ ಕಾಣಿಸಿಕೊಂಡಿತ್ತು. ಹುಡುಕಹೊರಟಾಗ ಮತ್ತೆ ಕೈಗೆ ಸಿಕ್ಕಿರಲಿಲ್ಲ. ಕೊನೆಗೆ ಎಂಜಿನಿಯರರು ಭೂಮಿಯಲ್ಲಿದ್ದ ಪ್ರತಿರೂಪದಲ್ಲಿ ಅದನ್ನು ಮರುಕಳಿಸಿ, ಕಾರಣ ಹಿಡಿದು, ಆ ಸೌಲಭ್ಯವನ್ನು ಚಾಲೂ ಮಾಡುವ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು.

ಇದೇ ಎರವಲು ಆದ್ಯತೆ ಲಿನಕ್ಸಿನ ಕಥೆಯಲ್ಲೂ ಇದೆ. ಸರಾಸರಿಯಲ್ಲಿ ಹೆಚ್ಚು ಕೆಲಸ ಮುಗಿಸಲೆಂದು ಬೆಳೆದ ಆ ಕರ್ನಲ್ಲನ್ನು ಗಡುವಿಗೆ ಒಗ್ಗಿಸುವ ಪ್ರಯತ್ನಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಹೆಣೆದ 'ಪ್ರೀಎಂಪ್ಟ್ ಆರ್‌ಟಿ' ಪೂರ್ತಿಯಾಗಿ ಮೂಲ ಕರ್ನಲ್ಲಿಗೆ ಸೇರಿದ್ದು 2024ರಲ್ಲಿ. ಆದರೂ ಅದನ್ನು 'ಹಾರ್ಡ್' ಎನ್ನಬಹುದೇ ಎಂಬ ಚರ್ಚೆ ಮುಗಿದಿಲ್ಲ. ಕಾಯುವಿಕೆ ಇಷ್ಟನ್ನು ಮೀರದು ಎಂದು ಅಳೆದು ನೋಡುವುದು ಬೇರೆ, ಸಾಧಿಸಿ ತೋರಿಸುವುದು ಬೇರೆ. ಕೋಟ್ಯಂತರ ಸಾಲುಗಳ ಕೋಡ್, ಅದರಡಿಯ ಹಾರ್ಡ್‌ವೇರ್ ಇವುಗಳ ಬಗ್ಗೆ ಎರಡನೆಯದು ಬಹಳ ಕಷ್ಟ.

ಹಾರ್ಡ್ ಎನ್ನುವುದು ಕರ್ನಲ್ಲಿಗೆ ಅಂಟಿಸುವ ಬಿರುದಲ್ಲ. ಷರತ್ತುಗಳ ಮೇಲೆ ನಿಂತ ಮಾತು. ಪಾಥ್‌ಫೈಂಡರಿನಲ್ಲಿ ಷರತ್ತು ಮುರಿದಾಗ ನಷ್ಟವಾದದ್ದು ಒಂದೊಂದು ದಿನದ ಕೆಲಸ. ಕಾರಿನ ಬ್ರೇಕಿಗೂ ಆಸ್ಪತ್ರೆಯ ವೆಂಟಿಲೇಟರಿಗೂ ಅಂಥ ಮರುದಿನ ಇರುವುದಿಲ್ಲ.