ಗಂಟಿನಲ್ಲಿ ಮೂಡಿದ ಅಮೂರ್ತ

ಐರ್ಲೆಂಡಿನಲ್ಲಿ ಹುಟ್ಟಿದ ವಿನ್ಯಾಸಕಾರ್ತಿ ಐಲೀನ್ ಗ್ರೇ ತಮ್ಮ ಗೆಳತಿ ಎವೆಲಿನ್ ವೈಲ್ಡ್ ಜೊತೆ 1910ರಲ್ಲಿ ಪ್ಯಾರಿಸ್‌ನಲ್ಲಿ ರತ್ನಗಂಬಳಿಯ ಮಗ್ಗ ಹೂಡಿದರು. ಉಣ್ಣೆ ನೇಯುವುದನ್ನೂ ಅದಕ್ಕೆ ಬಣ್ಣ ಹಾಕುವುದನ್ನೂ ಅವರು ಕಲಿತು ಬಂದದ್ದು ಉತ್ತರ ಆಫ್ರಿಕದಲ್ಲಿ. ಅಲ್ಲಿನ ಅಟ್ಲಾಸ್ ಬೆಟ್ಟಗಳ ಬರ್ಬರ್ ಹೆಂಗಸರು ವಜ್ರಾಕೃತಿ, ಮುರಿದ ಗೆರೆ, ಬರಿಯ ಬಯಲುಗಳನ್ನು ಕಾಗದದ ನಕಾಶೆಯಿಲ್ಲದೆ ನೇಯುತ್ತ ಬಂದವರು. ಅಮೂರ್ತ ಕಲೆಯ ರತ್ನಗಂಬಳಿಗೆ ಚಿತ್ರಕಾರರಷ್ಟೇ ಈ ಹೆಂಗಸರೂ ಮೂಲ.

ಜರ್ಮನಿಯಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಕಲಾಶಾಲೆ ವಿದ್ಯಾರ್ಥಿನಿಯರನ್ನು ಹೆಚ್ಚಾಗಿ ನೇಯ್ಗೆ ವಿಭಾಗಕ್ಕೇ ಕಳಿಸುತ್ತಿತ್ತು. ಇದು ಅನ್ಯಾಯವೇ. ಆದರೆ ಅದೇ ಕೋಣೆಯಿಂದ ಗುಂಟಾ ಸ್ಟೋಲ್ಜ್ಲ್, ಆನಿ ಆಲ್ಬರ್ಸ್, ಗರ್ಟ್ರೂಡ್ ಆರ್ಂಟ್ ಹೊರಬಂದರು. ಆರ್ಂಟ್ ರೂಪಿಸಿದ ಚೌಕಗಳ ರತ್ನಗಂಬಳಿಯನ್ನು ಸಂಸ್ಥಾಪಕ ವಾಲ್ಟರ್ ಗ್ರೋಪಿಯಸ್ ತಮ್ಮ ಕಚೇರಿಯ ನೆಲಕ್ಕೇ ಹಾಸಿಕೊಂಡರು. ಇವರಾರೂ ಕ್ಯಾನ್ವಾಸಿನ ಚಿತ್ರವನ್ನು ಉಣ್ಣೆಗೆ ನಕಲು ಮಾಡಲಿಲ್ಲ. ಹಾಸು ನೆಟ್ಟಗೆ ನಿಲ್ಲುತ್ತದೆ, ಹೊಕ್ಕು ಅಡ್ಡ ಹಾಯುತ್ತದೆ. ಚೌಕವೂ ಪಟ್ಟೆಯೂ ಮಗ್ಗಕ್ಕೆ ತಾನಾಗಿ ಒಲಿದ ಆಕಾರಗಳು. ಅಲ್ಲಿಂದಲೇ ಅವರು ಯೋಚಿಸಿದರು. ಈ ಕ್ಷೇತ್ರದ ಅತ್ಯುತ್ತಮ ಕೆಲಸ ಇಂದಿಗೂ ಇದೇ ಎಂಬುದು ನನ್ನ ನಂಬಿಕೆ. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆಲ್ಬರ್ಸ್ ಅವರೊಬ್ಬರದೇ ಪ್ರದರ್ಶನ ಏರ್ಪಡಿಸಿತು. ನೇಯ್ಗೆ ಕಲಾವಿದರೊಬ್ಬರಿಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಫ್ರಾನ್ಸಿನ ಮಾರಿ ಕುಟ್ಟೋಲಿ ಹಿಡಿದದ್ದು ಬೇರೆ ದಾರಿ. 1922ರಲ್ಲಿ ಮಿರ್ಬೋರ್ ಮಳಿಗೆ ತೆರೆದ ಅವರು ಲೆಜೆ, ಮಿರೋ, ಆರ್ಪ್ ಮುಂತಾದ ಚಿತ್ರಕಾರರ ವಿನ್ಯಾಸಗಳನ್ನು ಅಲ್ಜೀರಿಯದ ಸೆತಿಫ್‌ನ ಹೆಂಗಸರ ಕೈಯಲ್ಲಿ ನೇಯಿಸಿದರು. ರತ್ನಗಂಬಳಿ ಗ್ಯಾಲರಿಯ ಮೆಟ್ಟಿಲೇರಿತು, ನಿಜ. ಆದರೆ ಮೆರೆದದ್ದು ಚಿತ್ರಕಾರನ ಹೆಸರು. ಗಂಟು ಕಟ್ಟಿದವರ ಹೆಸರು ಎಲ್ಲೂ ಬರಲಿಲ್ಲ.

1959ರ ನಂತರ ನೇಪಾಳಕ್ಕೆ ಬಂದ ಟಿಬೆಟನ್ ನಿರಾಶ್ರಿತರಿಗೆ ಸ್ವಿಸ್ ನೆರವಿನಿಂದ ರತ್ನಗಂಬಳಿ ಕೇಂದ್ರಗಳು ಹುಟ್ಟಿಕೊಂಡವು. ಕಠ್ಮಂಡು ಕಣಿವೆಯ ಈ ಮಗ್ಗಗಳು ಮುಂದೆ ಪಾಶ್ಚಾತ್ಯ ವಿನ್ಯಾಸಕಾರರ ನೆಚ್ಚಿನ ತಾಣವಾದವು. ಇಲ್ಲಿ ಉಣ್ಣೆಯ ಎಳೆಯನ್ನು ಹಾಸಿನ ನೂಲಿಗೂ ಅಡ್ಡ ಹಿಡಿದ ಕಬ್ಬಿಣದ ಸರಳಿಗೂ ಸುತ್ತುತ್ತ ಹೋಗುತ್ತಾರೆ. ಒಂದು ಸಾಲು ಮುಗಿದ ಮೇಲೆ ಸರಳಿನುದ್ದಕ್ಕೂ ಚಾಕು ಎಳೆದರೆ ಕುಣಿಕೆಗಳು ಬಿಚ್ಚಿ ಜುಂಗು ನಿಲ್ಲುತ್ತದೆ. ಕುಂಚ ಒಂದೇ ಬೀಸಿಗೆ ಎಳೆದ ಓರೆ ಗೆರೆ ಗಂಟುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಒಂದು ಬಣ್ಣ ಇನ್ನೊಂದಕ್ಕೆ ಕರಗಬೇಕಾದ ಕಡೆ ಎರಡು ಛಾಯೆಯ ತೆಳು ಎಳೆಗಳನ್ನು ಹುರಿಮಾಡಿ ಒಂದೇ ಗಂಟಿಗೆ ಹಾಕುತ್ತಾರೆ. ಒದ್ದೆ ಬಣ್ಣದ ಹೊಳಪು ಬೇಕಾದರೆ ರೇಷ್ಮೆ ಬೆರೆಸುತ್ತಾರೆ; ಉಣ್ಣೆ ಬೆಳಕನ್ನು ಹೀರುತ್ತದೆ, ರೇಷ್ಮೆ ಮಿಂಚುತ್ತದೆ.

ಕೈಯಲ್ಲಿ ಹಿಡಿಯುವ ಟಫ್ಟಿಂಗ್ ಗನ್ ಬಂದಮೇಲೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ ದಿನಗಳಿಗೆ ಇಳಿಯಿತು. ಬಟ್ಟೆಗೆ ಉಣ್ಣೆ ಚುಚ್ಚಿ, ಹಿಂದೆ ಲೇಟೆಕ್ಸ್ ಅಂಟು ಬಳಿಯುವ ಈ ವಿಧಾನದಲ್ಲಿ ವಕ್ರರೇಖೆಗಳು ಸಲೀಸು. ಆದರೆ ವರ್ಷಗಳು ಕಳೆದಂತೆ ಅಂಟು ಒಣಗಿ ಉದುರತೊಡಗುತ್ತದೆ. ಕೊಳ್ಳುವವರು ಅಂಚು ಮಗುಚಿ ನೋಡಬೇಕು: ಕೈಗಂಟಿನದಾದರೆ ಬೆನ್ನಿನಲ್ಲೂ ಚಿತ್ರ ಕಾಣುತ್ತದೆ, ಟಫ್ಟಿಂಗಿನದಾದರೆ ಸಾಮಾನ್ಯವಾಗಿ ಬರೀ ಬಟ್ಟೆ.

ನೇಯುವವರ ಹೆಸರಿನ ಮಾತಿಗೆ ಮರಳಿದರೆ, 1979ರಿಂದ ಅಮೆರಿಕದ ಗ್ಲೋರಿಯಾ ರಾಸ್ ಚಿತ್ರಕಾರ ಕೆನೆತ್ ನೋಲೆಂಡರ ವಿನ್ಯಾಸಗಳನ್ನು ನವಾಹೊ ಬುಡಕಟ್ಟಿನ ನೇಕಾರ್ತಿಯರಿಂದ ನೇಯಿಸಿದರು. ಅವು ಗೋಡೆಗೆ ತೂಗುವಂಥವು. ನೇಯ್ದವರ ಹೆಸರುಗಳೂ ದಾಖಲಾದವು. 1978ರಲ್ಲಿ ಆರಂಭವಾದ ಜೈಪುರ್ ರಗ್ಸ್ ಕಂಪನಿ ತನ್ನ ‘ಮನ್‌ಚಾಹಾ’ ಯೋಜನೆಯಲ್ಲಿ ಇನ್ನೂ ಮುಂದೆ ಹೋಗಿದೆ. ರಾಜಸ್ಥಾನದ ಹಳ್ಳಿಯ ಹೆಂಗಸರಿಗೆ ಅಲ್ಲಿ ನಕಾಶೆಯನ್ನೇ ಕೊಡುವುದಿಲ್ಲ. ಉಳಿಕೆ ನೂಲಿನಲ್ಲಿ ಏನು ನೇಯಬೇಕೆಂಬುದನ್ನು ಮಗ್ಗದ ಮುಂದೆ ಕೂತವರೇ ತೀರ್ಮಾನಿಸುತ್ತಾರೆ.