ತೆರೆದ ಕಲ್ಲಿದ್ದಲು ಗಣಿ: ಸಿಂಗರೇಣಿ ಸೀಮೆಯ ಬಾವಿ, ಕೆರೆಗಳ ಮೇಲೆ ಏನು ಪರಿಣಾಮ?

ಹೈದರಾಬಾದ್: 2015ರಿಂದ ಹೈದರಾಬಾದ್ ನಗರಕ್ಕೆ ಗೋದಾವರಿ ನೀರು ಬರುತ್ತಿರುವುದು ಎಲ್ಲಂಪಲ್ಲಿ ಜಲಾಶಯದಿಂದ. ಅದರ ಆಸುಪಾಸಿನ ರಾಮಗುಂಡಂ, ಮಂಚೇರಿಯಲ್ ಪ್ರದೇಶಗಳಲ್ಲೇ ದಕ್ಷಿಣ ಭಾರತದ ಪ್ರಮುಖ ಕಲ್ಲಿದ್ದಲು ಗಣಿಗಳಿವೆ. ಗೋದಾವರಿ ಕಣಿವೆಯ ಈ ಕಲ್ಲಿದ್ದಲು ಪಟ್ಟಿ ಸುಮಾರು 350 ಕಿ.ಮೀ. ಉದ್ದವಿದೆ. ತೆಲಂಗಾಣ ಸರ್ಕಾರ ಶೇ 51 ಹಾಗೂ ಕೇಂದ್ರ ಸರ್ಕಾರ ಶೇ 49 ಪಾಲು ಹೊಂದಿರುವ ಸಿಂಗರೇಣಿ ಕಾಲರೀಸ್ ಕಂಪನಿ ಇಲ್ಲಿ ಗಣಿಗಾರಿಕೆ ನಡೆಸುತ್ತಿದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನಲ್ಲೂ ಸಿಂಗರೇಣಿಯ ಪಾಲಿದೆ. ಹಾಗಾಗಿ ಇದು ಕನ್ನಡಿಗರಿಗೆ ದೂರದ ವಿಷಯವೇನಲ್ಲ.

ನಿಜಾಮರ ಕಾಲದಲ್ಲಿ ಇಲ್ಲಿನ ಗಣಿಗಳೆಲ್ಲ ಸುರಂಗ ಗಣಿಗಳು. ತೆರೆದ ಗಣಿಗಳು ಬಂದದ್ದು 1970ರ ದಶಕದಲ್ಲಿ. ಈಗ ಉತ್ಪಾದನೆಯ ಬಹುಪಾಲು ಅವುಗಳದ್ದೇ.

ಬಾವಿ ಬತ್ತುವುದು ಹೇಗೆ?

ಈ ಸೀಮೆಯಲ್ಲಿ ಕಲ್ಲಿದ್ದಲು ಇರುವುದು ಮರಳುಗಲ್ಲಿನ ಪದರಗಳ ನಡುವೆ. ಊರಿನ ಬಾವಿ, ಬೋರ್‌ವೆಲ್‌ಗಳಿಗೆ ನೀರು ಕೊಡುವುದೂ ಅದೇ ಮರಳುಗಲ್ಲು. ತೆರೆದ ಗಣಿ ಅಂತರ್ಜಲ ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಸುತ್ತಲಿನ ನೀರು ಗುಂಡಿಯತ್ತ ಒಸರತೊಡಗುತ್ತದೆ. ಕಲ್ಲಿದ್ದಲು ತೆಗೆಯಬೇಕಾದರೆ ಗುಂಡಿ ಒಣಗಿರಬೇಕು, ಹಾಗಾಗಿ ಹಗಲೂ ರಾತ್ರಿ ಪಂಪ್ ಓಡಿಸಲಾಗುತ್ತದೆ. ಪರಿಣಾಮವಾಗಿ ಸುತ್ತಲಿನ ಅಂತರ್ಜಲ ಮಟ್ಟ ಗುಂಡಿಯ ಕಡೆಗೆ ಆಲಿಕೆಯಂತೆ ಇಳಿಜಾರಾಗುತ್ತದೆ. ಮೊದಲು ಬತ್ತುವುದು ಆಳ ಕಡಿಮೆ ಇರುವ ತೆರೆದ ಬಾವಿಗಳು. ಆಳದ ಬೋರ್‌ವೆಲ್ ಕೊರೆಸುವಷ್ಟು ಹಣವಿಲ್ಲದ ರೈತರ ಬಳಿ ಇರುವುದೂ ಅವೇ.

ಪರಿಣಾಮ ಎಷ್ಟು ದೂರ ಹಬ್ಬುತ್ತದೆ ಎಂಬುದಕ್ಕೆ ಒಂದೇ ಲೆಕ್ಕವಿಲ್ಲ. ಬಂಡೆಯಲ್ಲಿ ನೀರು ಎಷ್ಟು ಸುಲಭವಾಗಿ ಹರಿಯುತ್ತದೆ, ಗುಂಡಿ ಎಷ್ಟು ಆಳವಿದೆ, ಹತ್ತಿರ ಹೊಳೆ ಅಥವಾ ಕೆರೆ ಇದೆಯೇ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ‘ಮಳೆ ಕಡಿಮೆಯಾಗಿದ್ದಕ್ಕೆ ಬಾವಿ ಬತ್ತಿತು’ ಮತ್ತು ‘ಗಣಿಯಿಂದಲೇ ಬತ್ತಿತು’ ಎಂಬ ವಾದಗಳೆರಡೂ ಕೇಳಿಬರುತ್ತವೆ. ಗಣಿ ಶುರುವಾಗುವ ಮುನ್ನವೇ ಬಾವಿಗಳ ನೀರಿನ ಮಟ್ಟ ಬರೆದಿಟ್ಟಿದ್ದರೆ ಮಾತ್ರ ಈ ಜಗಳ ತೀರುತ್ತದೆ.

ನೀರಿನ ಗುಣಮಟ್ಟ

ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಗಂಧಕ ಹೆಚ್ಚಿರುವ ಕಲ್ಲಿದ್ದಲಿನಿಂದಾಗಿ ಹೊಳೆಗಳೇ ಆಮ್ಲೀಯವಾಗಿವೆ. ಗೋದಾವರಿ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅಷ್ಟರಮಟ್ಟಿಗೆ ಇಲ್ಲಿ ಆ ಭಯ ಕಡಿಮೆ. ಇಲ್ಲಿ ಗಮನಿಸಬೇಕಾದದ್ದು ನೀರಿನ ಗಡಸುತನ, ಸಲ್ಫೇಟ್, ಕರಗಿದ ಲವಣಾಂಶ ಮತ್ತು ಹೂಳು. ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಬಂಡೆಗಳನ್ನು ಗುಡ್ಡದಂತೆ ಪೇರಿಸಲಾಗುತ್ತದೆ. ಮಳೆಗಾಲದಲ್ಲಿ ಅದರ ಮೇಲಿಂದ ಹರಿಯುವ ಕೆಸರು ಹಳ್ಳ ಸೇರಿ, ಅಲ್ಲಿಂದ ಕೆರೆ ತುಂಬುತ್ತದೆ. ಕೆರೆ ನೀರನ್ನೇ ನಂಬಿ ಭತ್ತ ಬೆಳೆಯುವ ಊರುಗಳಿಗೆ ಇದು ಸಣ್ಣ ನಷ್ಟವಲ್ಲ.

ಬಾವಿ ನೀರು ಪರೀಕ್ಷಿಸಿದಾಗ ಹೋಲಿಸಿ ನೋಡಬೇಕಾದ ಮಾನದಂಡ ಐಎಸ್ 10500. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿ.ಗ್ರಾಂ, ಸಲ್ಫೇಟ್ 200 ಮಿ.ಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದ ಕಡೆ ಇವು ಕ್ರಮವಾಗಿ 2,000 ಮತ್ತು 400ರವರೆಗೆ ಇರಬಹುದು.

ಹೊರಹಾಕಿದ ನೀರು ಎಲ್ಲಿಗೆ?

ಪಂಪ್ ಮಾಡಿದ ನೀರು ವ್ಯರ್ಥವೇ ಆಗಬೇಕಿಲ್ಲ. ಹೂಳು ತಿಳಿಯಾಗಿಸಿದ ನೀರನ್ನು ಧೂಳು ಅಡಗಿಸಲು, ಕೆರೆ ತುಂಬಿಸಲು, ಹೊಲಗಳಿಗೆ ಬಳಸಬಹುದು. ಆದರೆ ಗಣಿ ನಿಂತ ದಿನ ಪಂಪೂ ನಿಲ್ಲುತ್ತದೆ. ಆ ನೀರನ್ನೇ ನಂಬಿದ ಹೊಲದ ಗತಿಯನ್ನು ಮೊದಲೇ ಯೋಚಿಸಬೇಕಾಗುತ್ತದೆ. ಗಣಿ ಮುಚ್ಚಿದ ಬಳಿಕ ಅಂತರ್ಜಲ ವರ್ಷಗಳಲ್ಲಿ ನಿಧಾನವಾಗಿ ಮೇಲೇರುತ್ತದೆ. ಗುಂಡಿಗೆ ಮರಳಿ ತುಂಬಿದ ಪುಡಿಬಂಡೆಯ ಮೂಲಕ ಹಾಯುವುದರಿಂದ ಅದರಲ್ಲಿ ಲವಣಾಂಶ ಹೆಚ್ಚಿರುವ ಸಾಧ್ಯತೆ ಇರುತ್ತದೆ.

ನಿಯಮ ಏನು ಹೇಳುತ್ತದೆ?

2020ರ ಸೆಪ್ಟೆಂಬರ್‌ನ ಕೇಂದ್ರ ಅಂತರ್ಜಲ ಮಾರ್ಗಸೂಚಿಯಂತೆ ಅಂತರ್ಜಲ ಹೊರತೆಗೆಯುವ ಗಣಿಗಳು ನಿರಾಕ್ಷೇಪಣಾ ಪತ್ರ ಪಡೆಯಬೇಕು, ನೀರಿನ ಮಟ್ಟ ಅಳೆಯುವ ವೀಕ್ಷಣಾ ಬಾವಿಗಳನ್ನು ಇರಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಇದು ಸಾರ್ವಜನಿಕ ದಾಖಲೆ, ಗ್ರಾಮಸ್ಥರು ಕೇಳಿ ಪಡೆಯಬಹುದು.