ಖಜಾನೆ ಬರಿದಾದಾಗ: ಕೊರ್ತಾಲಿಮ್ ದಡದಿಂದ ಒಂದು ಇತಿಹಾಸ ಪಾಠ

"ಸರ್ಕಾರದ ಹತ್ರಾನೂ ರೊಕ್ಕ ಖಾಲಿ ಆಗ್ತೈತೇನ್ರಿ ಸರ?"

ಪಾಲಕರ ಸಭೆಗೆ ಬಂದಿದ್ದ ತಾಯಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಬಾಗಲಕೋಟೆ ಕಡೆಯವರು, ಗೋವಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಬರಬೇಕಾದ ಸಹಾಯಧನ ಮೂರು ತಿಂಗಳಿಂದ ಬಂದಿರಲಿಲ್ಲ. "ಬರ್ತದವ್ವ, ತಡ ಆಗ್ತದ ಅಷ್ಟ" ಎಂದು ಹೇಳಿ ಕಳಿಸಿದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹೌದು, ಸರ್ಕಾರದ ಹಣವೂ ಖಾಲಿಯಾಗುತ್ತದೆ. ಹಾಗಾದಾಗ ಮೊದಲು ಯಾರ ಮನೆಗೆ, ಯಾರ ಶಾಲೆಗೆ ಬಿಸಿ ತಟ್ಟುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕೊರ್ತಾಲಿಮ್ ದಡದಲ್ಲಿ ನಿಂತರೆ ಸಾಕು.

ಕೊರ್ತಾಲಿಮ್ ಮುರಗಾಂವ್ ತಾಲೂಕಿನ ಊರು, ಜುವಾರಿ ನದಿಯ ದಕ್ಷಿಣ ದಡದಲ್ಲಿದೆ. ಇಲ್ಲಿಯವರು ಕುಠ್ಠಾಳಿ ಎನ್ನುತ್ತಾರೆ. ಇಂದು ಪ್ರಿಯೋಳದಲ್ಲಿರುವ ಮಂಗೇಶಿ ದೇವರ ಮೂಲ ಸ್ಥಾನ ಇದೇ. ಪೋರ್ಚುಗೀಸರ ಕಾಲದಲ್ಲಿ, 1560ರಲ್ಲಿ, ದೇವರನ್ನು ಇಲ್ಲಿಂದ ಒಯ್ದರು. ಈ ಊರಿನ ಹೆಸರಿನ ವಿಧಾನಸಭಾ ಕ್ಷೇತ್ರದೊಳಗೇ ಜುವಾರಿನಗರವೂ ಬರುತ್ತದೆ. ಅಲ್ಲಿ ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಎಷ್ಟೋ ಕುಟುಂಬಗಳು ನೆಲೆಸಿವೆ. ನಮ್ಮ ಮಕ್ಕಳ ಲೋಕ ಅದು.

ಮೊದಲು ರೈಲಿನ ಕಥೆ ನೋಡೋಣ. 1878ರ ಡಿಸೆಂಬರ್‌ನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬ್ರಿಟಿಷ್ ಸೀಮೆಯ ಕ್ಯಾಸಲ್ ರಾಕ್ ತನಕ ರೈಲು ಹಾಕುವುದೆಂದು ತೀರ್ಮಾನವಾಯಿತು. ಇದೇ ಒಪ್ಪಂದದಲ್ಲಿ ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಗೆ ಹೋಯಿತು. ಅದಕ್ಕೆ ಬದಲಾಗಿ ಅವರು ಪೋರ್ಚುಗೀಸರಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡಬೇಕಿತ್ತು. ರೈಲು ಕಂಪನಿಗೆ ಲಾಭ ಬರಲಿ ಬಿಡಲಿ, ಹಾಕಿದ ಬಂಡವಾಳಕ್ಕೆ ಬಡ್ಡಿ ಕೊಡುತ್ತೇವೆಂದು ಪೋರ್ಚುಗೀಸ್ ಸರ್ಕಾರ ಮಾತು ಕೊಟ್ಟಿತ್ತು. 1888ರ ಹೊತ್ತಿಗೆ ರೈಲು ಗಡಿ ಮುಟ್ಟಿತು. ಆದರೆ ನಿರೀಕ್ಷಿಸಿದಷ್ಟು ಸರಕು ಬರಲಿಲ್ಲ. ಬಡ್ಡಿಯ ಹೊರೆ ಖಜಾನೆಯ ಮೇಲೆ ಬಿತ್ತು.

1892ರ ಜನವರಿಯಲ್ಲಿ ಒಪ್ಪಂದದ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ. ನಾಲ್ಕು ಲಕ್ಷವೂ ನಿಂತಿತು. ಅದೇ ವರ್ಷ ಪೋರ್ಚುಗಲ್ ತನ್ನ ವಿದೇಶಿ ಸಾಲದ ಬಡ್ಡಿಯನ್ನೇ ಪೂರ್ತಿ ಕಟ್ಟಲಾಗದೆ ಕೈಚೆಲ್ಲಿತು. ಇದರ ನಡುವೆ ಪೆಟ್ಟು ತಿಂದವರು ಉಪ್ಪಿನಾಗರದ ಜನ. ಕೆಲಸ ಕಳೆದುಕೊಂಡ ಕುಟುಂಬಗಳು ಮುಂಬಯಿಯ ದಾರಿ ಹಿಡಿದವು. ಹುಬ್ಬಳ್ಳಿ, ಲೋಂಡಾ ದಾಟಿ ನಮ್ಮ ಜನರನ್ನು ಗೋವಾಕ್ಕೆ ಕರೆತಂದದ್ದು ಇದೇ ರೈಲು ದಾರಿ. ಒಂದು ಕಾಲಕ್ಕೆ ಇಲ್ಲಿಯವರನ್ನೇ ಊರು ಬಿಡಿಸಿದ ಸಾಲದ ಕಥೆಯೊಳಗೂ ಅದು ಇದೆ. ವಲಸೆ ಬಂದವರೆಂದು ಯಾರಾದರೂ ನಮ್ಮ ಮಕ್ಕಳನ್ನು ಹಂಗಿಸಿದರೆ ನಾವು ಈ ಕಥೆ ಹೇಳುತ್ತೇವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. 1964ರಲ್ಲಿ ಮುರಗಾಂವ್ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1970ರ ದಶಕದಲ್ಲಿ ಗೊಬ್ಬರ ಕಾರ್ಖಾನೆ ಶುರುವಾಯಿತು. 1983ರಲ್ಲಿ ಕೊರ್ತಾಲಿಮ್‌ನಿಂದ ಆಗಶಿಗೆ ಜುವಾರಿ ಸೇತುವೆ ತೆರೆಯಿತು. ಅಲ್ಲಿಯ ತನಕ ದಾಟಲು ಫೆರಿ ಕಾಯಬೇಕಿತ್ತು. ರಸ್ತೆ, ಬಂದರು, ಕಟ್ಟಡ, ಎಲ್ಲ ಕಡೆ ಕನ್ನಡದ ಕೂಲಿಕಾರರ ಬೆವರಿದೆ. ಗೋವಾದಲ್ಲಿ ಗೃಹಮಂಡಳಿಯ ಕಾನೂನು 1968ರಲ್ಲೇ ಬಂದಿತ್ತು. ಆದರೆ ಕೂಲಿಯವರ ಮನೆಯ ಲೆಕ್ಕ ಹಿಂದೆ ಬಿತ್ತು. ಸಿಕ್ಕ ಜಾಗದಲ್ಲಿ, ಹೆಚ್ಚಾಗಿ ಕೊಮುನಿದಾದ್ ಎಂಬ ಊರೊಟ್ಟಿನ ಭೂಮಿಯಲ್ಲಿ, ತಗಡು ಹೊದಿಸಿ ಬಾಳ್ವೆ ಶುರುವಾಯಿತು.

ಗೋವಾದ ಖಜಾನೆಗೆ ದೊಡ್ಡ ಆಸರೆಯಾಗಿದ್ದದ್ದು ಕಬ್ಬಿಣದ ಅದಿರು. ಅದಿರು ತುಂಬಿದ ಬಾರ್ಜ್‌ಗಳು ಕೊರ್ತಾಲಿಮ್ ಸೇತುವೆಯ ಕೆಳಗೇ ಬಂದರಿಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಗಣಿ ನಿಲ್ಲುವುದು, ಮಳೆ ಮುಗಿದ ಮೇಲೆ ಮತ್ತೆ ಶುರುವಾಗುವುದು ರೂಢಿ. 2012ರಲ್ಲಿ ಮಾತ್ರ ಶುರುವಾಗಲಿಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಷಾ ಆಯೋಗದ ವರದಿ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದವು. 2014ರಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ ಮಿತಿ ಹಾಕಿ ಕೋರ್ಟು ಮತ್ತೆ ಅನುಮತಿ ಕೊಟ್ಟಿತು. 2018ರ ಫೆಬ್ರವರಿ 7ರಂದು 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. ಹರಾಜಾದ ಗಣಿ ಮತ್ತೆ ಶುರುವಾದದ್ದು 2024ರಲ್ಲಿ. ಕಾಡು, ನೀರು ಉಳಿಯಲು ಆ ತೀರ್ಪುಗಳು ಬೇಕಿದ್ದವು, ನಮಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿ ತೊಳೆಯುವ ಹುಡುಗ, ಬಾರ್ಜ್ ಯಾರ್ಡಿನ ವೆಲ್ಡರ್, ಚಹದ ಅಂಗಡಿಯವ ಯಾವ ಅಕ್ರಮವನ್ನೂ ಮಾಡಿರಲಿಲ್ಲ.

ಈಗ ಖಜಾನೆಯ ಲೆಕ್ಕ ಬಿಡಿಸಿ ನೋಡೋಣ. ನಮ್ಮ ಮನೆಯ ಲೆಕ್ಕದ ಹಾಗೆಯೇ ಇದು. ಆದಾಯ ಕುಸಿದರೂ ಸಾಲದ ಬಡ್ಡಿ, ಸಂಬಳ, ಪಿಂಚಣಿ ಕೊಡಲೇಬೇಕು. ಬೇಕಾದಷ್ಟು ಸಾಲ ಎತ್ತಲೂ ಆಗದು. ಕೇಂದ್ರದ ಸಾಲ ಬಾಕಿಯಿರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ಸಂವಿಧಾನದ 293ನೇ ವಿಧಿ ಹೇಳುತ್ತದೆ. ಹಾಗಾದರೆ ಉಳಿತಾಯ ಎಲ್ಲಿ? ದುರಸ್ತಿಯಲ್ಲಿ, ಹೊಸ ನಲ್ಲಿಯಲ್ಲಿ, ಖಾಲಿ ಹುದ್ದೆಯಲ್ಲಿ. ಸೋರುವ ಚಾವಣಿ ಧರಣಿ ಕೂರುವುದಿಲ್ಲ, ತುಂಬದ ಶಿಕ್ಷಕರ ಹುದ್ದೆ ಮೆರವಣಿಗೆ ಮಾಡುವುದಿಲ್ಲ. ಸದ್ದು ಮಾಡದ್ದನ್ನೇ ಮೊದಲು ಕತ್ತರಿಸುತ್ತಾರೆ.

ಇದು ಬಡ ದೇಶದ ಪಾಡು ಮಾತ್ರ ಎಂದುಕೊಳ್ಳಬೇಡಿ. 1975ರಲ್ಲಿ ನ್ಯೂಯಾರ್ಕ್ ನಗರಕ್ಕೇ ಸಾಲ ಕೊಡುವವರಿರಲಿಲ್ಲ. ಸಾವಿರಾರು ಶಿಕ್ಷಕರನ್ನು ಮನೆಗೆ ಕಳಿಸಿದರು. 1847ರಿಂದ ಉಚಿತವಾಗಿ ಕಲಿಸುತ್ತಿದ್ದ ನಗರದ ಸರ್ಕಾರಿ ಕಾಲೇಜುಗಳಲ್ಲಿ 1976ರಿಂದ ಶುಲ್ಕ ಶುರುವಾಯಿತು. ಇನ್ನೇನು ದಿವಾಳಿ ಎನ್ನುವಾಗ ಶಿಕ್ಷಕರ ಪಿಂಚಣಿ ನಿಧಿಯ ಹಣದಿಂದಲೇ ಬಾಂಡ್ ಕೊಂಡು ನಗರವನ್ನು ಉಳಿಸಿದರು! ನಮ್ಮ ಬೆಂಗಳೂರಿನಲ್ಲೂ ಪಾಲಿಕೆ ಕೆ.ಆರ್. ಮಾರುಕಟ್ಟೆಯಂಥ ಆಸ್ತಿಗಳನ್ನು ಹುಡ್ಕೋಗೆ ಅಡವಿಟ್ಟು ಸಾಲ ತಂದ ಕಾಲವಿತ್ತು.

ಹಣ ಎಲ್ಲಿಗೆ ಹೋಗುತ್ತದೋ ಭಾಷೆಯೂ ಅತ್ತಲೇ ವಾಲುತ್ತದೆ. 1990ರಲ್ಲಿ ಗೋವಾ ಸರ್ಕಾರ ಪ್ರಾಥಮಿಕ ಶಾಲೆಯ ಅನುದಾನವನ್ನು ಪ್ರಾದೇಶಿಕ ಭಾಷೆಗೆ ಮೀಸಲಿಟ್ಟಾಗ ಎಷ್ಟೋ ಇಂಗ್ಲಿಷ್ ಶಾಲೆಗಳು ಕೊಂಕಣಿಗೆ ಬಂದವು. 2011ರಲ್ಲಿ ಇಂಗ್ಲಿಷಿಗೂ ಅನುದಾನ ಎಂದಾಗ ಗಾಳಿ ಮತ್ತೆ ತಿರುಗಿತು. ಗಡಿಯಾಚೆಯ ಕನ್ನಡ ಶಾಲೆಯವರಾದ ನಾವು ಇದನ್ನು ಮರೆಯುವಂತಿಲ್ಲ. ಬಿಗಿ ಬಜೆಟ್ಟಿನಲ್ಲಿ ಹಾಜರಾತಿ ಕಡಿಮೆಯಿರುವ ಶಾಲೆಯ ಮೇಲೆ ಮೊದಲು ಕಣ್ಣು ಬೀಳುತ್ತದೆ.

ಮನೆಯ ವಿಷಯ ಇನ್ನೂ ಸೂಕ್ಷ್ಮ. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ವಾಸ್ಕೋದ ಬೈನಾ ಕಡಲತೀರದ ಮನೆಗಳನ್ನು ಕೆಡವಿದರು. 2015ರಲ್ಲಿ ಮತ್ತೊಮ್ಮೆ ಅದೇ ಆಯಿತು. ಕಾರಣ ಬಜೆಟ್ ಅಲ್ಲ, ನಿಜ. ಆದರೆ ಕೆಡವಲು ಒಂದು ದಿನ ಸಾಕು. ಮತ್ತೆ ಕಟ್ಟಿಕೊಡಲು ವರ್ಷಗಟ್ಟಲೆ ಹಣ ಬೇಕು, ಆ ಹಣ ಯಾವಾಗಲೂ ಮುಂದಿನ ವರ್ಷದ ಬಜೆಟ್ಟಿನಲ್ಲಿರುತ್ತದೆ. 2025ರಲ್ಲಿ ಗೋವಾ ವಿಧಾನಸಭೆ ಕಾನೂನು ತಿದ್ದಿ, 2014ರ ಫೆಬ್ರವರಿ 28ಕ್ಕಿಂತ ಮೊದಲು ಕೊಮುನಿದಾದ್ ಭೂಮಿಯಲ್ಲಿ ಕಟ್ಟಿದ ಮನೆಗಳನ್ನು ಷರತ್ತಿನ ಮೇಲೆ ಸಕ್ರಮ ಮಾಡಲು ದಾರಿ ಮಾಡಿತು. ಗೃಹ ಆಧಾರದಂಥ ಯೋಜನೆಗೂ ಹದಿನೈದು ವರ್ಷದ ವಾಸದ ದಾಖಲೆ ಬೇಕು. ಅಂದರೆ ಕಾಗದವಿದ್ದವರಿಗೆ ಮಾತ್ರ ಬಾಗಿಲು.

ಆದ್ದರಿಂದ ಪಾಲಕರಿಗೆ ನಮ್ಮ ವಿನಂತಿ ಇಷ್ಟೇ. ಹಳೆಯ ಕರೆಂಟ್ ಬಿಲ್, ಮನೆ ತೆರಿಗೆ ರಸೀದಿ, ಮಕ್ಕಳ ಶಾಲೆಯ ದಾಖಲೆ ಯಾವುದನ್ನೂ ಒಲೆಗೆ ಹಾಕಬೇಡಿ. ಮತದಾರರಾಗಿದ್ದರೆ ಗ್ರಾಮಸಭೆಗೆ ಹೋಗಿ, ನಮ್ಮ ಓಣಿಯ ನೀರಿಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ.

ಕಳೆದ ವಾರ ಆ ತಾಯಿ ಮತ್ತೆ ಸಿಕ್ಕಿದ್ದರು. ಈ ಸಲ ಸುಮ್ಮನೆ ಸಮಾಧಾನ ಹೇಳಲಿಲ್ಲ. ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆವು. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಹಂಗಾರ ರೊಕ್ಕ ಖಾಲಿ ಆದಾಗ ಯಾರು ಸುಮ್ಮಕುಂತಿರ್ತಾರ, ಅವರದ್ದ ಕಡೀತಾರ ಅನ್ರಿ." ಮರುದಿನ ಒಂದು ಪ್ಲಾಸ್ಟಿಕ್ ಚೀಲ ತುಂಬ ಹಳೆಯ ಕಾಗದ ತಂದರು. ನಾವೂ ಮಕ್ಕಳೂ ಕೂತು ವರ್ಷದ ಪ್ರಕಾರ ಜೋಡಿಸಿಕೊಟ್ಟೆವು. ಎಲ್ಲಕ್ಕಿಂತ ಕೆಳಗಿದ್ದದ್ದು 2006ರ ಕರೆಂಟ್ ಬಿಲ್.